ನಾರಾವಿಯಿಂದ ವೇಣೂರಿಗೆ ಕಾಲ್ನಡಿಗೆ

ನಾರಾವಿಯ ಸೂರ್ಯನಾರಾಯಣನಿಗೆ ಕೈಮುಗಿದು ನಾವಿಬ್ಬರು ಮಿತ್ರರು ಹೊರಟಾಗ ಕುದುರೆಮುಖದ ಶ್ರೇಣಿಯು ಇನ್ನೂ ಮಂಜಿನ ಮುಸುಕಿನಲ್ಲಿತ್ತು. ಸಂಜೆಯೊಳಗೆ ವೇಣೂರನ್ನು ಸೇರುವುದು ನಮ್ಮ ಸಂಕಲ್ಪ. ಅಡಕೆ ತೋಟದ ಅಂಚು, ಗದ್ದೆಯ ಹುಣಿ, ತೋಡಿಗೆ ಅಡ್ಡಹಾಕಿದ ಸಂಕ, ಇವೇ ನಮ್ಮ ದಾರಿ. ಬೆಲ್ಲ-ನೀರು ಕೊಟ್ಟ ವೃದ್ಧರೊಬ್ಬರು, “ಬಸ್ಸುಂಟಲ್ಲ ಮಾಸ್ಟ್ರೇ, ನಡೆಯುವುದು ಯಾಕೆ?” ಎಂದರು. ಆಗ ಉತ್ತರ ಹೊಳೆಯಲಿಲ್ಲ.

ಅಜಿಲರ ಅರಮನೆಯಿರುವ ಅಳದಂಗಡಿಯಲ್ಲಿ ಬಿಸಿಲು ನೆತ್ತಿಗೇರಿತ್ತು. ತಿಮ್ಮಣ್ಣಾಜಿಲನು 1604ರಲ್ಲಿ ವೇಣೂರಿನಲ್ಲಿ ನಿಲ್ಲಿಸಿದ ಗೊಮ್ಮಟಮೂರ್ತಿಯನ್ನು ಕಾರ್ಕಳದ ಭೈರರಸನು ತನಗೆ ಬೇಕೆಂದು ಕೇಳಿದನೆಂದೂ, ಅಜಿಲನು ಅದನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿ ಯುದ್ಧಕ್ಕೆ ನಿಂತನೆಂದೂ ಐತಿಹ್ಯವಿದೆ. ಕಾರ್ಕಳದಲ್ಲಿ 1432ರಿಂದಲೇ ಗೊಮ್ಮಟನಿರುವಾಗ ಇನ್ನೊಬ್ಬನೇಕೆ? ತರಗತಿಯಲ್ಲಿ ವಿದ್ಯಾರ್ಥಿಗಳು ಹೀಗೆ ಕೇಳಿದಾಗ ನಾನು ರಾಜಕೀಯವನ್ನು ವಿವರಿಸುತ್ತಿದ್ದೆ. ಕಾಲು ಸೋತ ಮೇಲೆ ಬೇರೆಯದೇ ತೋರಿತು. ಎರಡು ಮೂರ್ತಿಗಳ ನಡುವೆ ಎರಡು ಹಗಲಿನ ನಡಿಗೆಯೂ ಇಲ್ಲ! ಇದು ದೂರದ ಅರಸರ ವೈರವಲ್ಲ, ನೆರೆಮನೆಯವರ ಮತ್ಸರ. ಅದಕ್ಕೇ ಅಷ್ಟು ಬಿಸಿ.

ಹೊತ್ತಿಳಿಯುವಾಗ ಫಲ್ಗುಣಿಯಲ್ಲಿ ಕಾಲು ತೊಳೆದೆವು. ಸುಮಾರು ಮೂವತ್ತೈದು ಅಡಿಯ ಮೂರ್ತಿ; ಕೆನ್ನೆಯಲ್ಲಿ ಗುಳಿಬಿದ್ದ ನಸುನಗೆ. ಮಿತ್ರನು ಚಪ್ಪಲಿಯ ಕಿತ್ತ ಉಂಗುಷ್ಟವನ್ನು ನೋಡಿಕೊಂಡು ನಿಟ್ಟುಸಿರಿಟ್ಟನು. ಹಿಂದಿರುಗಲು ಬಸ್ಸನ್ನೇ ಹತ್ತಿದೆವು.