ಕಡಲೊಳಗೊಂದು ಹೊಳೆ

2005ರ ಮೇ ತಿಂಗಳಲ್ಲಿ ಮೀನುಗಾರರಿಗೆ ಹೊಸದೊಂದು ಕೆಲಸ ಸಿಕ್ಕಿತು. ಐದು ದಿನಕ್ಕೊಮ್ಮೆ ಮೊಣಕಾಲುದ್ದ ನೀರಿಗಿಳಿದು ಒಂದಿಷ್ಟು ಕಡಲ ನೀರು ತುಂಬಿಕೊಡಬೇಕು. ಇದನ್ನು ವಹಿಸಿದ್ದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಭಾರತದ ಕರಾವಳಿಯ ಎಂಟು ಕಡೆ ವರ್ಷಗಟ್ಟಲೆ ಹೀಗೆ ಕೂಡಿಸಿದ ನೀರಿನ ಉಪ್ಪಳೆದಾಗ, ಯಾವ ನಕ್ಷೆಯಲ್ಲೂ ಇಲ್ಲದ ಹೊಳೆಯೊಂದರ ಜಾಡು ಸಿಕ್ಕಿತು. ಮಳೆಗಾಲದ ಕೊನೆಗೆ ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ಕಿಲೋ ನೀರಿಗೆ 10 ಗ್ರಾಂಗಿಂತ ಹೆಚ್ಚು ಉಪ್ಪು ಕಡಿಮೆಯಾಗುತ್ತದೆ. ಆ ಸಪ್ಪೆ ನೀರು ಸುಮಾರು 100 ಕಿಲೋಮೀಟರ್ ಅಗಲದ ಪಟ್ಟಿಯಾಗಿ ಕರಾವಳಿಗೆ ಒತ್ತಿಕೊಂಡೇ ಸಾಗಿ, ಎರಡೂವರೆ ತಿಂಗಳಲ್ಲಿ ಭಾರತದ ದಕ್ಷಿಣ ತುದಿ ತಲುಪುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ‘ಕಡಲೊಳಗಿನ ನದಿ’ ಎಂದೇ ಕರೆಯಿತು.

ಇದರ ತವರು ಒಂದಲ್ಲ. ಗಂಗೆ, ಬ್ರಹ್ಮಪುತ್ರ, ಮೇಘನಾ ಒಟ್ಟಾಗಿ ಕೊಲ್ಲಿಯ ನೆತ್ತಿಗೆ ಸುರಿಯುತ್ತವೆ. ಮ್ಯಾನ್ಮಾರಿನಿಂದ ಐರಾವತಿ, ಇತ್ತ ಕಡೆಯಿಂದ ಮಹಾನದಿ, ಗೋದಾವರಿ, ಕೃಷ್ಣೆ. ಜೊತೆಗೆ ಕಡಲ ಮೇಲೇ ಬೀಳುವ ಮುಂಗಾರು ಮಳೆ. ಸಾಗರಗಳ ಸರಾಸರಿ ಉಪ್ಪು ಕಿಲೋ ನೀರಿಗೆ 35 ಗ್ರಾಂ. ಅರಬ್ಬಿ ಸಮುದ್ರದ ಉತ್ತರದಲ್ಲಿ ಅದು 36 ದಾಟುತ್ತದೆ, ಏಕೆಂದರೆ ಅಲ್ಲಿ ಬೀಳುವ ಮಳೆಗಿಂತ ಆವಿಯಾಗುವ ನೀರೇ ಹೆಚ್ಚು.

ಹೊಳೆ ತಂದುಕೊಟ್ಟದ್ದನ್ನು ಬೆರೆಸುವುದು ಗಾಳಿಯ ಕೆಲಸ.

ಸಪ್ಪೆ ನೀರು ಹಗುರ. ಹಾಲಿನ ಮೇಲಿನ ಕೆನೆಯಂತೆ ಉಪ್ಪುನೀರಿನ ಮೇಲೆ ನಿಲ್ಲುತ್ತದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರವನ್ನು ಬಿರುಸಿನ ಗಾಳಿ ಕಡೆಯುತ್ತದೆ, ಆಳದ ತಣ್ಣೀರು ಮೇಲೆ ಬರುತ್ತದೆ. ಬಂಗಾಳ ಕೊಲ್ಲಿಯ ಗಾಳಿಗೆ ಅಷ್ಟು ಕಸುವಿಲ್ಲ, ಕೆನೆ ಒಡೆಯುವುದಿಲ್ಲ. ವಿಜ್ಞಾನಿಗಳಾದ ಶೆಣೈ, ಶಂಕರ್ ಮತ್ತು ಶೆಟ್ಯೆ 2002ರಲ್ಲಿ ಎರಡೂ ಕಡಲುಗಳ ಶಾಖದ ಲೆಕ್ಕ ಹಾಕಿ ಈ ವ್ಯತ್ಯಾಸವನ್ನು ವಿವರಿಸಿದರು. ಕೊಲ್ಲಿಯ ಮೇಲ್ಮೈ 28 ಡಿಗ್ರಿಗಿಂತ ಬೆಚ್ಚಗೇ ಉಳಿಯುವುದರಿಂದ ಮೋಡ ಕಟ್ಟುತ್ತಲೇ ಇರುತ್ತದೆ. ಆ ಮಳೆ ಮತ್ತೆ ಹೊಳೆಗಳನ್ನು ತುಂಬಿಸುತ್ತದೆ.

ಮುಂಗಾರು ಹಿಂದೆ ಸರಿದು ಈಶಾನ್ಯದ ಗಾಳಿ ಎದ್ದಾಗ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ತಿರುಗುತ್ತದೆ. ಸಪ್ಪೆ ನೀರು ಅದರ ಜೊತೆ ಹೊರಡುತ್ತದೆ. ದಾರಿಯುದ್ದಕ್ಕೂ ಉಪ್ಪು ಬೆರೆಯುತ್ತ ಹೋದರೂ, ಕೊಲ್ಲಿಯ ನೀರಿನ ಒಂದು ಪಾಲು ಚಳಿಗಾಲದಲ್ಲಿ ಶ್ರೀಲಂಕಾ ಬಳಸಿ ಅರಬ್ಬಿ ಸಮುದ್ರ ಸೇರಿ, ಕೇರಳದ ಅಂಚಿನಲ್ಲಿ ಉತ್ತರಕ್ಕೆ ಏರುತ್ತದೆ.

ತುಂಗಾ, ಭದ್ರಾ ಹುಟ್ಟುವ ಘಟ್ಟದಿಂದ ಪಡುಗಡಲು ನೂರು ಕಿಲೋಮೀಟರ್ ದೂರವೂ ಇಲ್ಲ. ಆದರೂ ಆ ಹೊಳೆಗಳು ಮೂಡಣಕ್ಕೆ ಹರಿದು, ಕೃಷ್ಣೆಯನ್ನು ಕೂಡಿ ಕೊಲ್ಲಿ ಸೇರುತ್ತವೆ. ಅಲ್ಲಿಂದ ಅವುಗಳ ನೀರಿಗೆ ಕನ್ಯಾಕುಮಾರಿಯಾಚೆಯಿಂದ ಇದೇ ಪಡುಗಡಲಿಗೆ ಬರುವ ದಾರಿ ತೆರೆದೇ ಇದೆ.