ಒತ್ತಕ್ಷರ ದಾಟಿದ ಮೇಲೆ ಯಾವ ಪುಸ್ತಕ?

ಓದು ಕೈಗೆ ಹತ್ತಿದ ಮಗುವಿನ ಮೊದಲ ದಾಳಿ ಬೋರ್ಡುಗಳ ಮೇಲೆ. ಬಸ್ಸಿನ ನಾಮಫಲಕ, ಔಷಧಿ ಅಂಗಡಿಯ ಹೆಸರು, ಉಪ್ಪಿನಕಾಯಿ ಬಾಟಲಿಯ ಚೀಟಿ, ಮದುವೆ ಕರೆಯೋಲೆಯ ‘ಸುಖಾಗಮನ ಬಯಸುವವರು’, ಹೀಗೆ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಗಟ್ಟಿಯಾಗಿ ಓದಲೇಬೇಕು. ‘ಲಕ್ಷ್ಮೀ’ಯನ್ನು ತಡವರಿಸದೆ ದಾಟಿದ ದಿನ ಮನೆಮಂದಿಗೂ ಸಂಭ್ರಮ. ಏಳೆಂಟು ವರ್ಷದ ಈ ಹುಮ್ಮಸ್ಸು ಬಹಳ ಕಾಲ ಕಾಯುವುದಿಲ್ಲ. ಅಷ್ಟರೊಳಗೆ ತಕ್ಕ ಪುಸ್ತಕ ಕೈಗೆ ಸಿಗದಿದ್ದರೆ ಓದು ಎನ್ನುವುದು ಹೋಂವರ್ಕಿನ ಪಟ್ಟಿಗೆ ಸೇರಿಹೋಗುತ್ತದೆ.

ಚಿತ್ರಪುಸ್ತಕ ಈಗ ಮಗುವಿಗೆ ಸಾಲದು. ಪುಟಕ್ಕೆರಡು ಸಾಲಿನ ಪುಸ್ತಕ ಕೊಟ್ಟರೆ ‘ಇದು ಪಾಪುಗಳದ್ದು’ ಎಂದು ಪಕ್ಕಕ್ಕಿಡುತ್ತದೆ. ಇನ್ನೂರು ಪುಟದ್ದನ್ನು ಕೊಟ್ಟರೆ ಹಿಡಿದುಕೊಂಡು ಓಡಾಡುತ್ತದೆ, ಓದುವುದಿಲ್ಲ. ಬೇಕಿರುವುದು ಇವೆರಡರ ನಡುವಿನದು: ಅರವತ್ತೋ ಎಂಬತ್ತೋ ಪುಟ, ಚಿಕ್ಕಚಿಕ್ಕ ಅಧ್ಯಾಯ, ಅಲ್ಲೊಂದು ಇಲ್ಲೊಂದು ಚಿತ್ರ. ಅಧ್ಯಾಯ ಎಂದರೆ ನಿಲ್ಲಿಸಲು ಸಿಗುವ ಅನುಮತಿ. ಇವತ್ತು ಇಷ್ಟಕ್ಕೇ ಮಡಚಿಟ್ಟು, ನಾಳೆ ನೆನಪಿನಿಂದ ಎಳೆ ಹಿಡಿದು ಮುಂದುವರಿಯುವುದು ಮಗುವಿಗೆ ಹೊಸ ವಿದ್ಯೆ. ಅಕ್ಷರ ಕೂಡಿಸುವುದಕ್ಕಿಂತ ಇದು ದೊಡ್ಡದು ಎಂದೇ ನನಗನಿಸುತ್ತದೆ.

ಇಂಗ್ಲಿಷಿನಲ್ಲಿ ಈ ವಯಸ್ಸಿಗೆಂದೇ ಪ್ರತ್ಯೇಕ ಕಪಾಟು ಇರುತ್ತದೆ. ನಮ್ಮ ದೇಶದ ಡಕ್‌ಬಿಲ್ ಪ್ರಕಾಶನವೇ ‘ಹೋಲ್ ಬುಕ್ಸ್’ ಎಂಬ ಮಾಲೆ ತಂದಿದೆ. ಪುಸ್ತಕದ ಮೂಲೆಯಲ್ಲಿ ನಿಜವಾಗಿಯೂ ಒಂದು ತೂತು, ಬೆರಳು ತೂರಿಸಿಕೊಂಡೇ ಓದಬಹುದು. ಕನ್ನಡದಲ್ಲಿ ಆ ಕಪಾಟು ತೆಳು. ಹಿಂದಿನ ತಲೆಮಾರಿಗೆ ಈ ಕೊರತೆ ಗೊತ್ತಾಗಲಿಲ್ಲ, ಏಕೆಂದರೆ ಆ ಮೆಟ್ಟಿಲನ್ನು ಪತ್ರಿಕೆಗಳು ಕಟ್ಟಿಕೊಟ್ಟಿದ್ದವು. ‘ಚಂದಮಾಮ’ದ ಧಾರಾವಾಹಿ ತಿಂಗಳಿಗೊಂದು ಕಂತು ಬರುತ್ತಿತ್ತು. ಕಾಯುವುದು, ಕಳೆದ ಕಂತು ನೆನಪಿಟ್ಟುಕೊಳ್ಳುವುದು, ಮುಂದೇನಾದೀತೆಂದು ಅಣ್ಣನ ಜೊತೆ ವಾದ ಮಾಡುವುದು ಎಲ್ಲ ಅಲ್ಲೇ ಕಲಿತದ್ದು. ಇತ್ತ ‘ಬಾಲಮಂಗಳ’ದಲ್ಲಿ ಚಿತ್ರಕತೆಯ ನಾಯಕ ಡಿಂಗನಿದ್ದ. 2010ರ ದಶಕದ ಮೊದಲ ವರ್ಷಗಳಲ್ಲಿ ಎರಡೂ ನಿಂತವು. ಆ ಜಾಗ ಇನ್ನೂ ಸರಿಯಾಗಿ ತುಂಬಿಲ್ಲ. ಹಾಗಾಗಿ ಕನ್ನಡದ ಮಗುವಿಗೆ ಪುಸ್ತಕ ಆರಿಸುವವರು ಸ್ವಲ್ಪ ಹುಡುಕಾಡಲೇಬೇಕು.

ಹುಡುಕುವಾಗ ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು, ‘ನೀತಿ ಇರೋ ಪುಸ್ತಕ ಕೊಡಿ.’ ನೀತಿಕತೆಗಳ ಮೇಲೆ ನನಗೆ ಹಗೆಯಿಲ್ಲ. ಆದರೆ ಎಲ್ಲ ಕತೆಯೂ ಕೊನೆಯ ಸಾಲಿನಲ್ಲಿ ಮೇಷ್ಟ್ರಾಗಿಬಿಟ್ಟರೆ ಮಗು ಮೂರನೇ ಕತೆಗೇ ಗುಟ್ಟು ಕಂಡುಕೊಳ್ಳುತ್ತದೆ: ಸೋಮಾರಿಗೆ ಶಿಕ್ಷೆ, ಸತ್ಯವಂತನಿಗೆ ಬಹುಮಾನ. ಮುಂದೇನು ಎಂಬ ಕುತೂಹಲ ಅಲ್ಲಿಗೆ ಮುಗಿಯಿತು. ಉದ್ದದ ಪುಸ್ತಕವನ್ನು ಕೊನೆಯವರೆಗೆ ಎಳೆದೊಯ್ಯುವುದು ಆ ಕುತೂಹಲ ಮಾತ್ರ.

ಹಾಗಾದರೆ ಏನನ್ನು ನೋಡಬೇಕು? ನಡುವಿನ ಯಾವುದಾದರೂ ಒಂದು ಪುಟ ತೆರೆಯಿರಿ. ಮೊದಲ ಪುಟವನ್ನು ಎಲ್ಲರೂ ಜಾಗ್ರತೆಯಿಂದಲೇ ಬರೆದಿರುತ್ತಾರೆ. ಸಾಲುಗಳ ನಡುವೆ ಅಂತರ ಎಷ್ಟಿದೆ ನೋಡಿ. ಕನ್ನಡದಲ್ಲಿ ಒತ್ತು ಸಾಲಿನ ಕೆಳಕ್ಕೆ ಇಳಿಯುತ್ತದೆ, ಗುಡಿಸು ಮೇಲಕ್ಕೇರುತ್ತದೆ. ಕಾಗದ ಉಳಿಸಲು ಸಾಲುಗಳನ್ನು ಒತ್ತಿದರೆ ‘ರಾಷ್ಟ್ರ’ದ ಜೋಡಿ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ. ಈಗಷ್ಟೇ ಓದು ಬಂದ ಕಣ್ಣು ಮಾತ್ರ ಸಾಲು ತಪ್ಪುತ್ತದೆ, ಬೆರಳು ಮತ್ತೆ ಪುಟಕ್ಕೆ ಬರುತ್ತದೆ.

ಆಮೇಲೆ ವಾಕ್ಯ. ‘ಅಜ್ಜಿ ಕೊಟ್ಟ ಚೀಲದಲ್ಲಿದ್ದ ಕಾಗದವನ್ನು ಯಾರಿಗೂ ಕಾಣದಂತೆ ಓದಬೇಕೆಂದು ಅಟ್ಟ ಹತ್ತಿದ ರಾಜುವಿಗೆ ಮೂಲೆಯಲ್ಲಿ ಹೊಳೆಯುತ್ತಿದ್ದ ಎರಡು ಕಣ್ಣುಗಳು ಕಾಣಿಸಿದವು.’ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಕ್ರಿಯಾಪದ ಬರುವವರೆಗೆ ಅಜ್ಜಿ, ಚೀಲ, ಕಾಗದ, ಅಟ್ಟ ಎಲ್ಲವನ್ನೂ ಮಗು ಹೊತ್ತುಕೊಂಡೇ ನಿಲ್ಲಬೇಕು. ಅದನ್ನೇ ಹೀಗೂ ಹೇಳಬಹುದು: ‘ರಾಜು ಅಟ್ಟ ಹತ್ತಿದ. ಕೈಯಲ್ಲಿ ಅಜ್ಜಿ ಕೊಟ್ಟ ಕಾಗದ. ಮೂಲೆಯಲ್ಲಿ ಎರಡು ಕಣ್ಣು!’ ಕತೆ ಅದೇ, ಪದಗಳೂ ಹೆಚ್ಚುಕಡಿಮೆ ಅವೇ. ಎರಡನೆಯ ಬಗೆಯ ವಾಕ್ಯ ಹೆಚ್ಚಿರುವ, ಪುಟದ ತುಂಬ ಮಾತುಕತೆ ಇರುವ ಪುಸ್ತಕ ಈ ಹಂತಕ್ಕೆ ಒಗ್ಗುತ್ತದೆ. ಗೊತ್ತಿಲ್ಲದ ಪದ ಪುಟಕ್ಕೆ ಎರಡು ಮೂರು ಇದ್ದರೆ ಚಿಂತೆಯಿಲ್ಲ, ಸಂದರ್ಭ ನೋಡಿ ಅರ್ಥ ಊಹಿಸುವುದರಲ್ಲಿ ಮಕ್ಕಳು ನಮಗಿಂತ ಧೈರ್ಯವಂತರು.

ಪುಟಗಳ ಲೆಕ್ಕವೊಂದನ್ನು ಬಿಟ್ಟರೆ ಈ ಅಳತೆಗಳಿಗೆಲ್ಲ ಹೆಚ್ಚು ಹತ್ತಿರವಿರುವ ಪುಸ್ತಕ ಒಂದನ್ನೇ ಹೇಳಿ ಎಂದರೆ ನಾನು ‘ತೊತ್ತೊ-ಚಾನ್’ ಎನ್ನುತ್ತೇನೆ. ಜಪಾನಿನ ತೆತ್ಸುಕೊ ಕುರೊಯಾನಗಿ ತನ್ನ ಬಾಲ್ಯದ ಬಗ್ಗೆ ಬರೆದ, 1981ರಲ್ಲಿ ಪ್ರಕಟವಾದ ಪುಸ್ತಕ. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ಕನ್ನಡದಲ್ಲೂ ತಂದಿದೆ. ಒಂದೊಂದು ಅಧ್ಯಾಯ ಎರಡು ಮೂರು ಪುಟ. ಡೆಸ್ಕಿನ ಮುಚ್ಚಳವನ್ನು ಪಾಠದುದ್ದಕ್ಕೂ ತೆಗೆದು ಹಾಕಿ ಮಾಡಿ, ಕಿಟಕಿಯಲ್ಲಿ ನಿಂತು ಬೀದಿ ವಾದ್ಯದವರನ್ನು ಕರೆದು, ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ. ಸೇರಿದ ಹೊಸ ಶಾಲೆಯಲ್ಲಿ ಹಳೆಯ ರೈಲು ಬೋಗಿಗಳೇ ತರಗತಿ. ಅಲ್ಲೊಂದು ಅಧ್ಯಾಯದಲ್ಲಿ ಅವಳ ಪ್ರೀತಿಯ ಪರ್ಸು ಕಕ್ಕಸಿನ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟು ತಂದು ಗುಂಡಿಯಲ್ಲಿದ್ದುದನ್ನೆಲ್ಲ ಮೊಗೆದು ಪಕ್ಕದಲ್ಲಿ ರಾಶಿ ಹಾಕುತ್ತಾಳೆ. ಆ ದಾರಿಯಾಗಿ ಬಂದ ಹೆಡ್‌ಮಾಸ್ಟರು ಬೈಯುವುದಿಲ್ಲ. ಮುಗಿದ ಮೇಲೆ ಎಲ್ಲ ವಾಪಸ್ಸು ಹಾಕುತ್ತೀ ತಾನೆ ಎಂದು ಕೇಳಿ ಹೊರಟುಹೋಗುತ್ತಾರೆ. ಈ ಭಾಗವನ್ನು ಓದಿ ಮೂಗು ಮುಚ್ಚಿಕೊಂಡು ಬಿದ್ದು ಬಿದ್ದು ನಗದ ಮಗುವನ್ನು ನಾನು ಕಂಡಿಲ್ಲ. ಅಧ್ಯಾಯ ಮುಗಿದರೂ ಪರ್ಸು ಸಿಗುವುದಿಲ್ಲ ಎಂಬುದು ಇನ್ನೂ ಚೆನ್ನ.

ಅದೇ ಪುಸ್ತಕದಲ್ಲಿ ಪೋಲಿಯೋ ಆದ ಗೆಳೆಯ ತೀರಿಕೊಳ್ಳುತ್ತಾನೆ. ಯುದ್ಧ ಬರುತ್ತದೆ, ಶಾಲೆ ಬಾಂಬಿಗೆ ಉರಿಯುತ್ತದೆ. ಇದನ್ನು ಎಂಟು ವರ್ಷದವರಿಗೆ ಕೊಡಬೇಕೆ ಎಂದು ತಾಯಂದಿರು ಕೇಳುತ್ತಾರೆ. ಕೊಡಿ. ಆ ಪುಟಗಳ ಹೊತ್ತಿಗೆ ಪಕ್ಕದಲ್ಲಿರಿ, ಅಷ್ಟೆ. ಅಜ್ಜಿಯ ಬಾಯಲ್ಲಿ ಪುಣ್ಯಕೋಟಿಯ ಹಾಡು ಕೇಳಿ ಅತ್ತ ಮಕ್ಕಳು ನಮ್ಮವರು, ದುಃಖ ಅವರಿಗೆ ಹೊಸತಲ್ಲ.

ಕನ್ನಡದಲ್ಲೇ ಹುಟ್ಟಿದ ಮಕ್ಕಳ ಕಾದಂಬರಿಗಳೂ ಈಚೆಗೆ ಕಣ್ಣಿಗೆ ಬೀಳುತ್ತಿವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದ ಮೊದಲ ಗೌರವ ಸಂದದ್ದು ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ. ಹೆದರುಪುಕ್ಕಲ ಹುಡುಗ ಮೋಹನದಾಸನಿಂದ ಶುರುವಾಗುವುದರಿಂದ ಅಲ್ಲಿ ಮಗುವಿಗೆ ಗಾಂಧಿ ಮೊದಲು ಜೊತೆಗಾರನಾಗಿ ಸಿಗುತ್ತಾನೆ, ಆಮೇಲೆ ಮಹಾತ್ಮನಾಗಿ. 2021ರಿಂದ ಸಾಲಾಗಿ ಮೂರು ವರ್ಷ ಪುರಸ್ಕಾರ ಪಡೆದ ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಮೂರೂ ಕಾದಂಬರಿಗಳೇ. ಒಬ್ಬರು ಉತ್ತರ ಕರ್ನಾಟಕದವರು, ಒಬ್ಬರು ಸಿದ್ದಾಪುರದ ಕಡೆಯವರು, ಇನ್ನೊಬ್ಬರು ಕುಂದಾಪುರದ ಸೀಮೆಯವರು. ಪಠ್ಯಪುಸ್ತಕದ ಕನ್ನಡವೊಂದನ್ನೇ ಕಂಡ ಮಗುವಿಗೆ ಬೇರೆ ಬೇರೆ ಸೀಮೆಯ ಲೇಖಕರು ಸಿಗುವುದು ಒಳ್ಳೆಯದೇ. ಇವುಗಳಲ್ಲಿ ಯಾವುದು ಇಂದಿಗೆ, ಯಾವುದು ಮುಂದಿನ ವರ್ಷಕ್ಕೆ ಎಂಬುದನ್ನು ನಡುವಿನ ಪುಟ ತೆರೆದು ಮಗುವೇ ತೀರ್ಮಾನಿಸಲಿ.

ಪೂರ್ಣಚಂದ್ರ ತೇಜಸ್ವಿಯವರ ಹೆಸರು ಬಾರದೆ ಈ ಮಾತು ಮುಗಿಯುವಂತಿಲ್ಲ. 1991ರ ‘ಪರಿಸರದ ಕತೆ’ ಮಕ್ಕಳಿಗೆಂದು ಬರೆದದ್ದಲ್ಲ, ಭಾಷೆ ಹತ್ತು ದಾಟಿದವರಿಗೆ ಸಲೀಸು. ಆದರೆ ಒಂದೊಂದು ಅಧ್ಯಾಯವೂ ತನ್ನಷ್ಟಕ್ಕೆ ಪೂರ್ಣ. ‘ಕಿವಿಯೊಡನೆ ಒಂದು ದಿನ’ವನ್ನು ನೀವು ಗಟ್ಟಿಯಾಗಿ ಓದಿ, ‘ಸುಸ್ಮಿತ ಮತ್ತು ಹಕ್ಕಿ ಮರಿ’ಯನ್ನು ಮಗುವಿಗೆ ಬಿಡಿ. ಕಿವಿ ಎಂಬುದು ತೇಜಸ್ವಿಯವರ ನಾಯಿಯ ಹೆಸರು, ಹಾಗಾಗಿ ನಾಯಿ ಸಾಕಿದ ಮನೆಯಾದರೆ ಪುಸ್ತಕ ನಿಮ್ಮ ಕೈಗೆ ವಾಪಸ್ಸು ಬರುವುದು ಕಷ್ಟ.

ಇನ್ನು ನಗರದ ಮನೆಗಳ ಒಂದು ಪೇಚು. ಇಂಗ್ಲಿಷ್ ಮಾಧ್ಯಮದ ಮಗು, ಬೆಂಗಳೂರಿನದಿರಲಿ, ವಿದೇಶದಲ್ಲಿ ವಾರಕ್ಕೊಮ್ಮೆ ಕನ್ನಡ ತರಗತಿಗೆ ಹೋಗುವುದಿರಲಿ, ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಮುಗಿಸುತ್ತದೆ. ಕನ್ನಡದಲ್ಲಿ ಅದರ ಓದು ಇನ್ನೂ ಎರಡು ತರಗತಿ ಹಿಂದೆ. ಬುದ್ಧಿಗೆ ಒಂಬತ್ತು ವರ್ಷ, ಕನ್ನಡದ ಕಣ್ಣಿಗೆ ಆರು. ಕಾಗಕ್ಕ-ಗುಬ್ಬಕ್ಕನ ಕತೆ ಕೊಟ್ಟರೆ ಅವಮಾನ, ಕಾದಂಬರಿ ಕೊಟ್ಟರೆ ಆಯಾಸ. ಇಂಥವರಿಗೆ ನಾಟಕದ ಪುಸ್ತಕ ಕೊಟ್ಟುನೋಡಿ. ಸಾಲುಗಳು ಗಿಡ್ಡ, ಪಾತ್ರಗಳ ಹೆಸರು ಮತ್ತೆ ಮತ್ತೆ ಬರುತ್ತದೆ, ದೃಶ್ಯವೇ ಅಧ್ಯಾಯ. ಕುವೆಂಪು ಅವರ ‘ಮೋಡಣ್ಣನ ತಮ್ಮ’, ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಳಿಲು ರಾಮಾಯಣ’ದಂಥವು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಪಾತ್ರ ಹಂಚಿಕೊಂಡು ಮನೆಯವರೆಲ್ಲ ಓದಿದರೆ ಯಾರು ತಡವರಿಸಿದರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಅಪ್ಪನೇ ಹೆಚ್ಚು ತಡವರಿಸುವ ಮನೆಗಳೂ ಇವೆ!

ಕೊಂಡೇ ಓದಬೇಕೆಂದಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ನಾಲ್ಕನೇ ಹಂತದ್ದನ್ನು ಮಗು ಸರಾಗವಾಗಿ ಓದುತ್ತಿದ್ದರೆ ಅಧ್ಯಾಯಗಳ ಪುಸ್ತಕಕ್ಕೆ ಸಿದ್ಧವೆಂದೇ ಲೆಕ್ಕ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುವಂತಾಯಿತು. ಮಕ್ಕಳ ಕಪಾಟಿನಲ್ಲಿ ಏನಿದೆ, ಏನು ತರಿಸಬೇಕು ಎಂದು ಅಲ್ಲಿಯ ಮೇಲ್ವಿಚಾರಕರ ಬಳಿ ಕೇಳಿ, ಹೆಸರು ಬರೆದುಕೊಡಿ.

ಪುಸ್ತಕ ತಂದ ಮೇಲೆ ಮೊದಲ ಅಧ್ಯಾಯವನ್ನು ನೀವೇ ಓದಿ ಹೇಳಿ, ಕುತೂಹಲ ಏರಿದ ಕಡೆ ‘ಒಲೆ ಮೇಲೆ ಹಾಲಿದೆ’ ಎಂದು ಎದ್ದುಹೋಗಿ. ಒಂದೇ ಪುಸ್ತಕವನ್ನು ಮಗು ಐದನೇ ಸಲ ಹಿಡಿದು ಕೂತರೆ ಬೇರೆಯದನ್ನು ಮುಂದೆ ತಳ್ಳಬೇಡಿ, ಆ ಲೇಖಕರ ಇನ್ನೊಂದು ಪುಸ್ತಕ ಇದೆಯೇ ನೋಡಿ. ಮೂರನೇ ಅಧ್ಯಾಯಕ್ಕೆ ಬಿಟ್ಟುಬಿಟ್ಟರೆ ‘ದುಡ್ಡು ಕೊಟ್ಟು ತಂದಿದ್ದು’ ಎಂಬ ಮಾತೂ ಬೇಡ. ಅದನ್ನು ಮಗುವಿನ ಕೈಗೆಟುಕುವ ಕಪಾಟಿನಲ್ಲೇ ಇಟ್ಟಿರಿ. ಬೇಸಿಗೆ ರಜೆಯಲ್ಲಿ ಮಾವನ ಮಗಳು ಬಂದಾಗ ಅವಳು ಓದಲು ಕೂತಿದ್ದು ಕಂಡರೆ, ನಿಮ್ಮ ಮಗುವಿಗೂ ಅದೇ ಪುಸ್ತಕ ಆಗಿಂದಾಗಲೇ ಬೇಕಾಗುತ್ತದೆ.