ಮುಖ ಅದೇ, ಮನುಷ್ಯ ಬೇರೆ

1918ರಲ್ಲಿ ಪ್ಯಾರಿಸ್ಸಿನ ದರ್ಜಿ ಹೆಂಗಸೊಬ್ಬಳು ಪೊಲೀಸರಲ್ಲಿಗೆ ಹೋಗಿ, ನೆಲಮಾಳಿಗೆಗಳಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರೆ, ಬಿಡಿಸಿಕೊಡಿ ಎಂದು ಬೇಡಿಕೊಂಡಳು. ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಹೆತ್ತ ಐವರಲ್ಲಿ ಉಳಿದಿದ್ದವಳು ಒಬ್ಬಳೇ ಮಗಳು. ಅವಳೂ ತನ್ನ ಮಗಳಲ್ಲ, ಅದೇ ರೂಪದ ಬೇರೊಬ್ಬಳು ಎನ್ನುತ್ತಿದ್ದಳು. ಗಂಡನಂತೂ ಎಂಬತ್ತು ಸಲ ಬದಲಾಗಿದ್ದನಂತೆ!

1923ರಲ್ಲಿ ಮನೋವೈದ್ಯ ಜೋಸೆಫ್ ಕಾಪ್‌ಗ್ರಾ ಮತ್ತು ಸಹೋದ್ಯೋಗಿ ರೆಬೂಲ್-ಲಾಶೋ ಈ ‘ಮೇಡಂ ಎಂ’ ಪ್ರಕರಣವನ್ನು ದಾಖಲಿಸಿದರು. ಮುಖ ಗುರುತಿಸಲು ಅವಳಿಗೆ ತೊಂದರೆಯಿಲ್ಲ, ಗುರುತಿನೊಡನೆ ಹುಟ್ಟಬೇಕಾದ ‘ನಮ್ಮವರು’ ಎಂಬ ಭಾವದ ಜಾಗದಲ್ಲಿ ಅಪರಿಚಿತ ಭಾವ ಬಂದು ಕೂತಿದೆ ಎಂಬುದು ಅವರ ಗ್ರಹಿಕೆ. ಎಂಥ ಸೂಕ್ಷ್ಮ ನೋಟ! ಆದರೆ ಮರುವರ್ಷ ಕಾಪ್‌ಗ್ರಾ ಅವರೇ, ಹೆತ್ತವರತ್ತ ಮಗುವಿಗಿರುವ ಸುಪ್ತ ಆಸೆಯೆಂಬ ಈಡಿಪಸ್ ಕಾಂಪ್ಲೆಕ್ಸ್‌ನತ್ತ ಹೊರಳಿದರು. ರೋಗಿ ಒಳಗೊಳಗೇ ಅದುಮಿಟ್ಟ ದ್ವೇಷವೇ ಇದಕ್ಕೆ ಮೂಲ ಎಂಬ ವಿವರಣೆ ದಶಕಗಳ ಕಾಲ ನಡೆಯಿತು. ಮನೆಯವರಿಗೆ ಅದು ಕಾಯಿಲೆಗಿಂತ ದೊಡ್ಡ ನೋವಾಗಿರಬೇಕು.

ತಿರುವು ಬಂದದ್ದು ತದ್ವಿರುದ್ಧ ಕಾಯಿಲೆಯಿಂದ. 1984ರಲ್ಲಿ ಮನೋವಿಜ್ಞಾನಿ ರಸೆಲ್ ಬಾಯರ್, ಮಿದುಳಿಗೆ ಪೆಟ್ಟಾಗಿ ಯಾರ ಮುಖವನ್ನೂ ಗುರುತಿಸಲಾಗದ ರೋಗಿಗೆ ಪರಿಚಿತರ ಚಿತ್ರ ತೋರಿಸುತ್ತ ಹಲವು ಹೆಸರು ಓದಿದರು. ಸರಿಯಾದ ಹೆಸರಿಗೆ ಅವನ ಚರ್ಮದ ವಿದ್ಯುತ್ ವಾಹಕತೆ ಏರುತ್ತಿತ್ತು. ಬಾಯಿ ‘ಗೊತ್ತಿಲ್ಲ’ ಎಂದರೂ ದೇಹಕ್ಕೆ ಗೊತ್ತಿತ್ತು. 1990ರಲ್ಲಿ ಮನೋವಿಜ್ಞಾನಿಗಳಾದ ಹೇಡನ್ ಎಲಿಸ್ ಮತ್ತು ಆಂಡ್ರ್ಯೂ ಯಂಗ್ ಇದನ್ನೇ ತಿರುವಿ ನೋಡಿದರು: ಕಾಪ್‌ಗ್ರಾ ದಾಖಲಿಸಿದಂಥ ಭ್ರಮೆಯ ರೋಗಿಗಳಲ್ಲಿ ಕಣ್ಣು ಗುರುತಿಸುತ್ತದೆ, ದೇಹ ಸ್ಪಂದಿಸುವುದಿಲ್ಲ. 1997ರಲ್ಲಿ ಎಲಿಸ್ ತಂಡದ ಪ್ರಯೋಗ ಅದನ್ನು ತೋರಿಸಿಯೂ ಕೊಟ್ಟಿತು. ಅದೇ ವರ್ಷ ವಿಲಿಯಂ ಹರ್ಸ್ಟೀನ್ ಮತ್ತು ತಮಿಳುನಾಡು ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ವರ್ಣಿಸಿದ ಯುವಕ, ಅಪಘಾತದ ನಂತರ ಎದುರು ನಿಂತ ತಂದೆಯನ್ನು ವೇಷಧಾರಿ ಎನ್ನುತ್ತಿದ್ದ. ಫೋನಿನಲ್ಲಿ ದನಿ ಕೇಳಿದರೆ ಮಾತ್ರ ಅಪ್ಪನೇ ಎಂದು ಒಪ್ಪುತ್ತಿದ್ದ. ನೋಟದಿಂದ ಭಾವಕೇಂದ್ರ ಅಮಿಗ್ಡಾಲಕ್ಕೆ ಹೋಗುವ ದಾರಿ ಕಡಿದಿದೆ, ಕಿವಿಯ ದಾರಿ ಉಳಿದಿದೆ ಎಂಬುದು ಅವರ ವಾದ.

ಭಾವ ಹುಟ್ಟದಿದ್ದ ಮಾತ್ರಕ್ಕೆ ಎಲ್ಲರೂ ಭ್ರಮೆಗೆ ಬೀಳುವುದಿಲ್ಲ. ಅಸಂಭವವನ್ನು ತಳ್ಳಿಹಾಕುವ, ಮಿದುಳಿನ ಬಲಬದಿಯ ಮುಂಭಾಗವೂ ಎಡವಬೇಕು. 2017ರಲ್ಲಿ ನರರೋಗ ತಜ್ಞ ರಯಾನ್ ಡಾರ್ಬಿ ಅವರ ತಂಡ ಇಂಥ ಭ್ರಮೆಗಳಿದ್ದ 17 ರೋಗಿಗಳ ಮಿದುಳಿನ ಗಾಯಗಳನ್ನು ಹೋಲಿಸಿತು. ಗಾಯಗಳ ಜಾಗ ಬೇರೆ ಬೇರೆ. ಆದರೆ ಹೆಚ್ಚುಕಡಿಮೆ ಎಲ್ಲವೂ ಪರಿಚಯದ ಅರಿವು ಮತ್ತು ನಂಬಿಕೆಯ ಪರಿಶೀಲನೆಗೆ ಸಂಬಂಧಿಸಿದ ಎರಡು ಭಾಗಗಳೊಡನೆ ಬೆಸೆದುಕೊಂಡಿದ್ದವು.

ಅಲ್ಝೈಮರ್, ಲೂಯಿ ಬಾಡಿ ಡಿಮೆನ್ಷಿಯಾಗಳಲ್ಲೂ ಈ ಭ್ರಮೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯ ಹಿರಿಯರು ಒಂದು ದಿನ ‘ನೀನು ನನ್ನ ಮಗನಲ್ಲ’ ಎಂದರೆ ದಯವಿಟ್ಟು ವಾದಿಸಬೇಡಿ, ಮುನಿಸಿಕೊಳ್ಳಬೇಡಿ. ಬಾಗಿಲಾಚೆಯಿಂದಲೇ ಮಾತಾಡಿಸುತ್ತ ಒಳಗೆ ಬನ್ನಿ. ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.